ಕೆಂಪು ಕಾರು ಹೊಡೆದ ಹಕ್ಕಿ

ಲೋಥರ್ ಹೆಲ್ಮಿಶ್ ಎಂಬ ಸಭ್ಯ ಗೃಹಸ್ಥನ ಮುಖ ಹೇಗಿದೆ ಎಂದು ನೀಡರ್‌ಬೆಕ್ ಊರಿನಲ್ಲಿ ಯಾರನ್ನಾದರೂ ಕೇಳಿದ್ದರೆ ಅವರು ಸ್ವಲ್ಪ ಯೋಚಿಸಬೇಕಾಗುತ್ತಿತ್ತು. ಕಾಲು ಹೇಗಿದೆ ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದರು. ಹಗಲೆಲ್ಲ ಅವನು ಪುರಸಭೆಯ ಪರವಾಗಿ ಮನೆಮನೆಯ ನೆಲಮಾಳಿಗೆಗೆ ಇಳಿದು, ಮೂಲೆಗೆ ತಲೆ ತೂರಿಸಿ, ನೀರಿನ ಮೀಟರ್ ಓದುತ್ತಿದ್ದ. ಸಂಜೆಯಾದರೆ ತನ್ನ ಷೆಡ್ಡಿಗೆ ಹೋಗಿ ಕೆಂಪು ಕಾರಿನ ಅಡಿಗೆ ತೂರಿಕೊಳ್ಳುತ್ತಿದ್ದ. ಎರಡು ಕಡೆಯೂ ಹೊರಗೆ ಉಳಿಯುತ್ತಿದ್ದದ್ದು ಕಾಲುಗಳೇ. ಊರಿನವರು ಬೀದಿಯಲ್ಲಿ ಅವನನ್ನು ಕಂಡರೆ ಮೊದಲು ಬೂಟು ನೋಡಿ, ಆಮೇಲೆ ನಮಸ್ಕಾರ ಹೇಳುತ್ತಿದ್ದರು.

ಕಾರು ಎಂದರೆ ಸಾಮಾನ್ಯ ಕಾರಲ್ಲ. ಇಟಲಿಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಚಾವಣಿಯಿಲ್ಲ. ಅದನ್ನು ತಯಾರಿಸಿದ ಕಂಪನಿ ಮರುವರ್ಷವೇ ಬಾಗಿಲು ಹಾಕಿಕೊಂಡಿತ್ತು. ಎರಡಕ್ಕೂ ಸಂಬಂಧವಿಲ್ಲ ಎಂದು ಲೋಥರ್ ವಾದಿಸುತ್ತಿದ್ದ. ಎಂಜಿನ್ನಿಗೆ ನಾಲ್ಕು ಸಿಲಿಂಡರು. ಮೂರು ಹೇಳಿದ ಮಾತು ಕೇಳುತ್ತಿದ್ದವು. ನಾಲ್ಕನೆಯದು ಬಹಳ ಹೊತ್ತು ಸುಮ್ಮನಿದ್ದು, ಎಲ್ಲರೂ ತನ್ನನ್ನು ಮರೆತರೆಂದು ಅನ್ನಿಸಿದಾಗ ಹಿಂದಿನ ಸೈಲೆನ್ಸರಿನಿಂದ 'ಢಂ' ಎನ್ನುತ್ತಿತ್ತು. ಅದರೊಂದಿಗೆ ಎಂಜಿನ್ ನಿಂತುಹೋಗುತ್ತಿತ್ತು. ಈ ಒಂದು ದೋಷವನ್ನು ಸರಿಪಡಿಸಲು ಲೋಥರ್ ಹನ್ನೊಂದು ವರ್ಷಗಳಿಂದ ಶ್ರಮಿಸುತ್ತಿದ್ದ. ಹೆಂಡತಿ ಗುಡ್ರುನ್ ಆ ಕಾರನ್ನು ಹೆಸರು ಹಿಡಿದು ಕರೆದವಳಲ್ಲ. 'ಸವತಿ' ಎನ್ನುತ್ತಿದ್ದಳು.

ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ, ಊರಿನ ಕೋವಿ ಸಂಘದವರು ಬೇಸಿಗೆಯ ಕೋವಿ ಹಬ್ಬದ ತಯಾರಿಗೆ ಸಭೆ ಸೇರಿದಾಗ, ಎರಡನೆಯ ಗ್ಲಾಸು ಬಿಯರ್ ಮುಗಿದ ಮೇಲೆ ಲೋಥರ್ ಎದ್ದು ನಿಂತು, "ಈ ಸಲ ಹಬ್ಬಕ್ಕೆ ಗುಡ್ರುನ್ನ ಕೂರಿಸ್ಕೊಂಡು ನನ್ನ ಕಾರಲ್ಲೇ ಬರ್ತೀನಿ, ನೋಡ್ತಿರಿ!" ಎಂದು ಘೋಷಿಸುತ್ತಿದ್ದ. ಹತ್ತು ವರ್ಷ ಹೇಳಿದ. ಹತ್ತು ವರ್ಷವೂ ಸೈಕಲ್ಲಿನಲ್ಲಿ ಬಂದ. ಹನ್ನೊಂದನೆಯ ವರ್ಷ ಅವನು ಏಳುವುದು ತಡವಾದಾಗ, ನಿವೃತ್ತ ಪೋಸ್ಟ್‌ಮಾಸ್ಟರೂ ಸಂಘದ ಕರ್ನಲ್ಲೂ ಆದ ಓಟ್ಮಾರ್ ಅವರೇ ಕಾರ್ಯಸೂಚಿ ನೋಡಿ, "ಲೋಥರ್, ನಿನ್ನ ಮಾತು ಬಾಕಿ ಇದೆ ಕಣಯ್ಯ," ಎಂದು ನೆನಪಿಸಿದರು.

ಲೋಥರ್ ಎದ್ದು ಹೇಳಿದ. ಅವನು ಕೂರುವ ಮೊದಲೇ ಗುಡ್ರುನ್ ಎದ್ದಳು.

"ಎಲ್ಲರೂ ಕೇಳಿಸ್ಕೊಳ್ಳಿ. ಮದುವೆಯಾಗಿ ಇಪ್ಪತ್ತಾರು ವರ್ಷ. ಅದರಲ್ಲಿ ಹನ್ನೊಂದು ವರ್ಷ ಎರಡು ಕಾಲಿನ ಜೊತೆ ಸಂಸಾರ ಮಾಡಿದೀನಿ. ಊಟಕ್ಕೆ ಬಾ ಅಂತ ಕಾಲಿಗೆ ಹೇಳ್ತೀನಿ. ಹುಟ್ಟುಹಬ್ಬಕ್ಕೆ ಕಾಲಿಗೇ ಶುಭಾಶಯ. ಸಾಕಾಗಿದೆ ನಂಗೆ! ಈ ಸಲ ಹಬ್ಬದ ಸೋಮವಾರ ನಾನು ಆ ಸವತಿ ಒಳಗೆ ಕೂತ್ಕೋತೀನಿ. ನಮ್ಮ ಬಾಗಿಲಿಂದ ಹಬ್ಬದ ಮೈದಾನದ ಗೇಟಿನ ಒಳಗೆ ಅದು ತನ್ನ ಶಕ್ತೀಲೇ ಬರ್ಬೇಕು. ಯಾರೂ ತಳ್ಳೋ ಹಾಗಿಲ್ಲ. ಬಂತಾ, ಜನ್ಮದಲ್ಲಿ ಅದರ ಸುದ್ದಿ ಎತ್ತಲ್ಲ. ಬರ್ಲಿಲ್ವಾ, ಅವತ್ತೇ ನನ್ನ ತಮ್ಮ ಅದನ್ನ ಎಳ್ಕೊಂಡು ಹೋಗ್ತಾನೆ."

ತಮ್ಮ ಎಕಾರ್ಟ್ ಹೂಗಿಡಗಳ ನರ್ಸರಿ ನಡೆಸುತ್ತಿದ್ದ. ಅವನು ಮರುದಿನವೇ ಟೇಪು ಹಿಡಿದು ಷೆಡ್ಡಿಗೆ ಬಂದು ಕಾರನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದ.

"ಎಂಜಿನ್ ಜಾಗದಲ್ಲಿ ಪೆಟೂನಿಯಾ, ಸೀಟಲ್ಲಿ ಜೆರೇನಿಯಂ. ಅಂಗಡಿ ಮುಂದೆ ಇಟ್ರೆ ಏನ್ ಚೆಂದ ಕಾಣುತ್ತೆ ಭಾವ! ಅಡಿಗೆ ಒಂದೆರಡು ತೂತು ಕೊರೀಬೇಕು ಅಷ್ಟೆ. ನೀರು ಹೋಗ್ಬೇಕಲ್ಲ."

ಕಾರಿನ ಅಡಿಯಿಂದ ಚಾಚಿದ್ದ ಕಾಲುಗಳು ಇನ್ನಷ್ಟು ಒಳಕ್ಕೆ ಸರಿದವು. ಹನ್ನೆರಡರ ವಯಸ್ಸಿನಲ್ಲಿ ಅಂಥದ್ದೊಂದು ಕೆಂಪು ಕಾರು ತನ್ನ ಸೈಕಲ್ಲನ್ನು ಹಿಂದಿಕ್ಕಿ ಹೋದದ್ದನ್ನು ನೋಡಿದಂದಿನಿಂದ ಲೋಥರ್‌ಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಎರಡೇ. ಒಂದು ಆ ಕಾರು, ಇನ್ನೊಂದು ಗುಡ್ರುನ್. ಎರಡೂ ದಕ್ಕಿದ್ದವು. ಒಂದರೊಳಗೆ ಇನ್ನೊಬ್ಬಳನ್ನು ಕೂರಿಸುವುದು ಮಾತ್ರ ಆಗಿರಲಿಲ್ಲ.

ಅಂದಿನಿಂದ ಅವನು ಎರಡರಷ್ಟು ದುಡಿದ. ಪರಿಣಾಮವಾಗಿ ನಾಲ್ಕನೆಯ ಸಿಲಿಂಡರು ಎರಡರಷ್ಟು ಢಂ ಎಂದಿತು. ಪಕ್ಕದ ಮನೆಯ ಮಾಂಸದಂಗಡಿಯ ಹೈನರ್ ಬುಶ್ಕೆ ಸಾಸೇಜು ತುಂಬುತ್ತಿದ್ದಾಗ ಒಂದು ಢಂ ಕೇಳಿ ಯಂತ್ರದ ಹಿಡಿಯನ್ನು ಬಿಗಿಯಾಗಿ ಅಮುಕಿದ. ಎರಡು ಮೀಟರ್ ಸಾಸೇಜು ಗೋಡೆಗೆ ಹೋಗಿ ಅಂಟಿತು. ಹೈನರ್ ಮೊದಲೇ ನರದೌರ್ಬಲ್ಯದ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಅವನಿಗೆ ಕೋವಿ ಹಬ್ಬದ ರಾಜನಾಗುವ ಆಸೆ. ಕಂಬದ ತುದಿಯ ಮರದ ಹಕ್ಕಿಗೆ ಸರದಿಯಂತೆ ಎಲ್ಲರೂ ಗುಂಡು ಹೊಡೆಯುತ್ತಾರೆ. ಕೊನೆಯ ಚೂರನ್ನು ಉರುಳಿಸಿದವನು ಒಂದು ವರ್ಷ ಊರಿಗೆ ರಾಜ. ಇಪ್ಪತ್ತೆರಡು ವರ್ಷವೂ ಆ ಚೂರು ಹೈನರ್‌ನ ಮುಂದಿನವನಿಗೋ ಹಿಂದಿನವನಿಗೋ ಬಿದ್ದಿತ್ತೇ ಹೊರತು ಅವನಿಗಲ್ಲ.

ಹೆಲ್ಮಿಶ್ ಮನೆಯಲ್ಲಿ ಯಾರೋ ಗುಂಡು ಹಾರಿಸುತ್ತಿದ್ದಾರೆ ಎಂದು ಪೇಟೆಯ ಪೊಲೀಸರಿಗೆ ಫೋನು ಹೋಯಿತು. ಯಾರು ಮಾಡಿದರೆಂದು ಹೈನರ್‌ಗೆ ಗೊತ್ತಿಲ್ಲವಂತೆ.

ಅಧಿಕಾರಿಯೊಬ್ಬ ಬಂದ. ತರುಣ, ಹೊಸ ಸಮವಸ್ತ್ರ. ಷೆಡ್ಡಿನ ಬಾಗಿಲಲ್ಲಿ ನಿಂತು ಕಾಲುಗಳನ್ನು ಪ್ರಶ್ನಿಸಿದ.

"ನಿಮ್ಮ ಹತ್ರ ಎಷ್ಟು ಕೋವಿ ಇದೆ?"

"ಒಂದೂ ಇಲ್ಲ ಸಾರ್," ಎಂದವು ಕಾಲುಗಳು. "ಸಂಘದ್ದು ಸಂಘದಲ್ಲೇ ಇರುತ್ತೆ."

"ಮತ್ತೆ ಶಬ್ದ?"

"ಅದು ನಾಲ್ಕನೇ ಸಿಲಿಂಡರು."

"ಅದಕ್ಕೆ ಲೈಸೆನ್ಸ್ ಇದೆಯಾ?"

ಲೋಥರ್ ಹೊರಗೆ ಬಂದು, ಕೈ ಒರೆಸಿಕೊಂಡು, ಎಂಜಿನ್ ಚಾಲೂ ಮಾಡಿ ತೋರಿಸಿದ. ಅದು ಹದಿನೆಂಟು ನಿಮಿಷ ಸುಮ್ಮನೆ ಓಡಿತು. ಅಧಿಕಾರಿ ನಿರಾಶನಾಗಿ ಬೂಟಿನ ಲೇಸು ಕಟ್ಟಲು ಬಗ್ಗಿದ. ಢಂ! ಮರುಕ್ಷಣ ಅವನು ಗುಲಾಬಿ ಪೊದೆಯ ಹಿಂದೆ ಬೋರಲು ಮಲಗಿ ರೇಡಿಯೋದಲ್ಲಿ ಹೆಚ್ಚಿನ ಪಡೆ ಕಳಿಸಿ ಎಂದು ಕೇಳುತ್ತಿದ್ದ. ಮುಳ್ಳು ತೆಗೆಸಿಕೊಂಡು, ಗುಡ್ರುನ್ ಕೊಟ್ಟ ಕಾಫಿ ಕುಡಿದು, ಮೂರು ಪುಟದ ವರದಿ ಬರೆದ. 'ಸದರಿ ವಾಹನದ ಶಬ್ದವು ಕೋವಿಯ ಗುಂಡಿನ ಶಬ್ದಕ್ಕಿಂತ ಬೇರೆಯೆಂದು ತರಬೇತಿ ಹೊಂದಿದ ಕಿವಿಯೂ ಹೇಳಲಾರದು' ಎಂಬುದು ಅದರ ಸಾರ. ಒಂದು ಪ್ರತಿಗೆ ಮೊಹರು ಹಾಕಿ ಲೋಥರ್‌ಗೆ ಕೊಟ್ಟ. ಮೊಹರು ಬಿದ್ದ ಕಾಗದವೆಂದರೆ ಲೋಥರ್‌ಗೆ ಬಹಳ ಗೌರವ. ಅದನ್ನು ನಾಲ್ಕಾಗಿ ಮಡಚಿ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟ.

ಹಬ್ಬದ ಸೋಮವಾರ ಬಂತು. ಬೆಳಿಗ್ಗೆ ಹತ್ತೂವರೆ. ಲೋಥರ್ ಸಂಘದ ಹಸಿರು ಕೋಟು ತೊಟ್ಟು, ಗರಿಯ ಟೋಪಿಯನ್ನು ಗುಡ್ರುನ್‌ಳ ತೊಡೆಯ ಮೇಲಿಟ್ಟು, ಕೀ ತಿರುಗಿಸಿದ. ಮೂರು ಸಿಲಿಂಡರು ಎದ್ದವು. ನಾಲ್ಕನೆಯದು ನಿದ್ದೆಯಲ್ಲಿತ್ತು. ಯಾರೂ ಅದನ್ನು ಎಬ್ಬಿಸಲು ಹೋಗಲಿಲ್ಲ.

ಮೈದಾನಕ್ಕೆ ಮೂರು ಕಿಲೋಮೀಟರ್. ಹೈನರ್‌ನ ಅಂಗಡಿ ದಾಟಿತು, ಚರ್ಚು ದಾಟಿತು. ಗುಡ್ರುನ್ ನೀಲಿ ಉಡುಪಿನಲ್ಲಿ ಪರೀಕ್ಷಕಳಂತೆ ನೆಟ್ಟಗೆ ಕೂತಿದ್ದಳು. ಸೇತುವೆಯ ಮೇಲೆ ಗಾಳಿ ಅವಳ ತಲೆವಸ್ತ್ರವನ್ನು ಹಾರಿಸಿಕೊಂಡು ಹೋಯಿತು. ಅವಳು "ಅಯ್ಯೋ!" ಎಂದು ಜೋರಾಗಿ ನಕ್ಕುಬಿಟ್ಟಳು. ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಕೂಡಲೇ ಮುಖ ಗಂಟು ಹಾಕಿದಳು. ಲೋಥರ್ ನೋಡಿದ್ದ. ಅವನ ಎದೆ ತುಂಬಿಬಂತು. ರಸ್ತೆ ಕಾಣದಷ್ಟು ಕಣ್ಣೂ ತುಂಬಿತು.

ಮೈದಾನದ ಗೇಟಿಗೆ ಮೂವತ್ತು ಹೆಜ್ಜೆ ಇರುವಾಗ ಕಾರು ಈ ಸಲ ಢಂ ಎನ್ನದೆಯೇ ನಿಂತಿತು.

ಗೇಟಿನ ಬಳಿ ಎಕಾರ್ಟ್ ಟ್ರೇಲರ್ ಸಮೇತ ಕಾದಿದ್ದ. ಟ್ರೇಲರಿನಲ್ಲಿ ಹಗ್ಗ, ಎರಡು ಚೀಲ ಗೊಬ್ಬರದ ಮಣ್ಣು.

"ಇನ್ನೊಂದೇ ಒಂದು ಸಲ," ಎಂದ ಲೋಥರ್, ಹೆಂಡತಿಯ ಕಡೆ ನೋಡುವ ಧೈರ್ಯವಿಲ್ಲದೆ.

"ಒಂದೇ ಸಲ," ಎಂದಳು ಗುಡ್ರುನ್.

ಗೇಟಿನ ಒಳಗೆ ಆಗ ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಬೆಳಿಗ್ಗೆ ಒಂಬತ್ತರಿಂದ ಮುನ್ನೂರ ಹನ್ನೆರಡು ಗುಂಡು ಹಾರಿ, ಹಕ್ಕಿಯ ಕಿರೀಟ, ಬಾಲ, ಹೊಟ್ಟೆ ಎಲ್ಲ ಹೋಗಿ, ಎಡರೆಕ್ಕೆಯ ಅಂಗೈಯಗಲದ ಚೂರೊಂದು ಕಂಬದ ತುದಿಯಲ್ಲಿ ಉಳಿದಿತ್ತು. ಸರದಿ ಹೈನರ್‌ನದು. ಕಟ್ಟೆಗೆ ಬಿಗಿದ ಕೋವಿಯ ಹಿಂದೆ ನಿಂತು ಅವನು ಮೊದಲು ವಾದ್ಯದವರನ್ನು ಸುಮ್ಮನಿರಿಸಿದ, ಆಮೇಲೆ ಮಕ್ಕಳನ್ನು, ಆಮೇಲೆ ಪಾದ್ರಿಯನ್ನು. ಅವನ ಹೆಂಡತಿ ಈ ಸಲ ಆಗೇ ಆಗುತ್ತದೆಂದು ಮಳೆಕೋಟಿನ ಒಳಗೆ ರಾಣಿಯ ಉಡುಪನ್ನು ತೊಟ್ಟೇ ಬಂದಿದ್ದಳು. ಹೈನರ್ ಉಸಿರು ಬಿಗಿಹಿಡಿದ. ಬೆರಳನ್ನು ಕೋವಿಯ ಕುದುರೆಯ ಮೇಲಿಟ್ಟ. ಕಣ್ಣು ಕಿರಿದು ಮಾಡಿದ.

ಲೋಥರ್ ಕಣ್ಣು ಮುಚ್ಚಿ ಕೀ ತಿರುಗಿಸಿದ.

ಢಂ!

ಚೂರು ಕೆಳಗೆ ಬಿತ್ತು.

ಮೈದಾನ ಹುಚ್ಚೆದ್ದಿತು. ಹೈನರ್‌ನನ್ನು ನಾಲ್ವರು ಹೆಗಲ ಮೇಲೆ ಎತ್ತಿಕೊಂಡರು. ಅವನು ಮಗುವಿನಂತೆ ಅಳುತ್ತಿದ್ದ. ಅವನ ಹೆಂಡತಿ ಮಳೆಕೋಟನ್ನು ಬಿಚ್ಚಿ ಎಸೆದಳು. ವಾದ್ಯದವರು ಶುರು ಹಚ್ಚಿದರು. ಈ ಗದ್ದಲದಲ್ಲಿ ಒಬ್ಬನೇ ತನ್ನ ಕೆಲಸ ಮಾಡುತ್ತಿದ್ದ: ಬಡಗಿ ಆಲೋಯ್ಸ್. ಹಕ್ಕಿ ಕೆತ್ತುವವನೂ ಅವನೇ, ಕೋವಿ ಕಾಯುವವನೂ ಅವನೇ. ನಿಯಮದ ಪ್ರಕಾರ ಅವನು ಕೋವಿಯನ್ನು ತೆರೆದು ನೋಡಿದ. ಹಾರದ ಗುಂಡೊಂದು ಅವನ ಅಂಗೈಗೆ ಬಿತ್ತು. ಅವನು ಅದನ್ನು ಬಿಸಿಲಿಗೆ ಹಿಡಿದು ಹಿಂದೆಮುಂದೆ ನೋಡಿದ. ಆಮೇಲೆ ಹೆಗಲ ಮೇಲಿದ್ದವನನ್ನು ನೋಡಿದ.

"ಹೈನರ್, ಸ್ವಲ್ಪ ಕೆಳಗೆ ಬರ್ತೀಯಾ?"

"ಯಾಕೋ?"

"ನಿನ್ನ ಗುಂಡು ಇಲ್ಲೇ ಇದೆ."

ವಾದ್ಯ ಒಂದೊಂದಾಗಿ ನಿಂತಿತು. ಡೋಲಿನವನಿಗೆ ತಡವಾಗಿ ತಿಳಿಯಿತು.

"ಹಾಗಾದ್ರೆ ಢಂ ಅಂದಿದ್ದು ಯಾರು?" ಎಂದರು ಕರ್ನಲ್ ಓಟ್ಮಾರ್.

ನಾನೂರು ತಲೆಗಳು ಗೇಟಿನ ಕಡೆ ತಿರುಗಿದವು. ಮೂವತ್ತು ಹೆಜ್ಜೆಯಾಚೆ ಕೆಂಪು ಕಾರೊಂದರ ಮೇಲೆ ನೀಲಿ ಹೊಗೆ ತೇಲುತ್ತಿತ್ತು. ಒಳಗೆ ಒಬ್ಬ ಹೆಂಗಸು ಕಿವಿ ಮುಚ್ಚಿಕೊಂಡು ಕೂತಿದ್ದಳು. ಅಡಿಯಿಂದ ಎರಡು ಕಾಲು ಆಗಲೇ ಹೊರಚಾಚಿದ್ದವು.

ಸಂಘದ ಹಿರಿಯರು ಬಿಯರ್ ಡೇರೆಯಲ್ಲಿ ಕೂಡಲೇ ಸೇರಿದರು. ವಿಷಯ ಗಂಭೀರವಾಗಿತ್ತು. ಮಧ್ಯಾಹ್ನಕ್ಕೆ ಹೊಸ ರಾಜನ ಮೆರವಣಿಗೆ. ಹಂದಿ ಬೆಂದಾಗಿತ್ತು. ಪಕ್ಕದ ಮೂರು ಊರಿನ ಸಂಘಗಳು ದಾರಿಯಲ್ಲಿದ್ದವು.

"ಗಾಳಿಗೆ ಬಿತ್ತು ಅಂತ ಬರೆಯೋಣ," ಎಂದರು ಯಾರೋ. ಎಲ್ಲರೂ ಧ್ವಜದ ಕಡೆ ನೋಡಿದರು. ಅದು ಒದ್ದೆ ಟವೆಲ್ಲಿನ ಹಾಗೆ ನೇತುಬಿದ್ದಿತ್ತು.

"ಹಾಗಾದ್ರೆ ತಾನಾಗೇ ಬಿತ್ತು ಅಂತ."

ಆಲೋಯ್ಸ್ ಎದ್ದು ನಿಂತ. "ನಲವತ್ತು ವರ್ಷದಿಂದ ಕೆತ್ತಿದೀನಿ. ನನ್ನ ಹಕ್ಕಿ ತಾನಾಗೇ ಬೀಳಲ್ಲ. ಹಾಗಂತ ಒಂದಕ್ಷರ ಬರೆದ್ರೂ ಮುಂದಿನ ವರ್ಷ ನೀವೇ ಕೆತ್ಕೊಳ್ಳಿ!"

ಆ ಮಾತು ಅಲ್ಲಿಗೆ ನಿಂತಿತು.

"ಅದು ಕಾರು ಕಣ್ರೀ!" ಹೈನರ್ ಕೂಗಿದ. "ಕಾರು! ಕಾರು ಎಲ್ಲಾದ್ರೂ ಕೋವಿ ಆಗುತ್ತಾ? ಪೆಟ್ರೋಲ್ ಕುಡಿಯೋ ಕೋವಿ ಯಾರ ಮನೇಲಿದೆ?"

ಕರ್ನಲ್ ಲೋಥರ್‌ನನ್ನು ಕರೆಸಿದರು. ಲೋಥರ್ ಗ್ರೀಸು ಬಳಿದ ಮುಖದಲ್ಲಿ ಬಂದ. ತನ್ನ ಢಂನಿಂದ ಹೈನರ್‌ನ ಗುರಿ ಕೆಟ್ಟಿತೆಂದೂ, ಅದಕ್ಕೇ ವಿಚಾರಣೆ ಎಂದೂ ಅವನ ತಿಳಿವಳಿಕೆ. ಮೊಹರು ಬಿದ್ದ ಕಾಗದವನ್ನು ಜೊತೆಯಲ್ಲೇ ತಂದಿದ್ದ.

"ಕರ್ನಲ್ ಸಾಹೇಬ್ರೇ, ಈ ಶಬ್ದದ ವಿಚಾರ ಪೊಲೀಸರೇ ನೋಡಿ ಮುಗಿಸಿಬಿಟ್ಟಿದಾರೆ. ಇಲ್ಲಿದೆ ನೋಡಿ."

ಕರ್ನಲ್ ಕನ್ನಡಕ ಹಾಕಿಕೊಂಡು ಮೂರು ಪುಟವನ್ನೂ ಗಟ್ಟಿಯಾಗಿ ಓದಿದರು. ತರಬೇತಿ ಹೊಂದಿದ ಕಿವಿಯ ಸಾಲನ್ನು ಎರಡು ಸಲ ಓದಿದರು. ಮೊಹರನ್ನು ಕೈಯಿಂದ ಕೈಗೆ ದಾಟಿಸಿದರು. ಆಲೋಯ್ಸ್ ಅದನ್ನು ಉಗುರಿನಿಂದ ಕೆರೆದೂ ನೋಡಿದ. ಅಸಲಿಯಾಗಿತ್ತು.

"ಸಂಘದ ಸದಸ್ಯನೇನಯ್ಯ ನೀನು?"

"ಹೌದು ಸಾಹೇಬ್ರೇ. ಇಪ್ಪತ್ತು ವರ್ಷದಿಂದ. ಹಿಂದೆ ಯಾವ ತಂಟೆನೂ ಮಾಡಿಲ್ಲ."

"ಶಬ್ದ ಆದಾಗ ಸಮವಸ್ತ್ರದಲ್ಲಿದ್ಯಾ?"

"ಇದ್ದೆ. ಟೋಪಿ ಮಾತ್ರ ಗುಡ್ರುನ್ ತೊಡೆ ಮೇಲಿತ್ತು."

"ಕುಡಿದಿದ್ಯಾ?"

"ಒಂದು ಹನಿಯೂ ಇಲ್ಲ."

ಡೇರೆಯಲ್ಲಿ ಗುಸುಗುಸು ಎದ್ದಿತು. ಹನ್ನೊಂದು ಗಂಟೆಯ ಹೊತ್ತಿಗೆ ಗುಂಡು ಹೊಡೆಯುವವನು ಕುಡಿದಿರಬಾರದೆಂಬ ನಿಯಮವನ್ನು ಪಾಲಿಸಿದ್ದವನು ಇಡೀ ಮೈದಾನದಲ್ಲಿ ಅವನೊಬ್ಬನೇ.

"ತಪ್ಪಾಯ್ತು ಸಾಹೇಬ್ರೇ," ಎಂದ ಲೋಥರ್. "ಇನ್ಮೇಲೆ ಹೀಗಾಗಲ್ಲ."

"ಒಂದು ವರ್ಷ," ಎಂದರು ಕರ್ನಲ್, ಎದ್ದು ನಿಂತು.

ಲೋಥರ್ ಮೇಜು ಹಿಡಿದುಕೊಂಡ. ಜೈಲಿಗೆ ಏನೇನು ಒಯ್ಯಲು ಬಿಡುತ್ತಾರೆ ಎಂಬ ಯೋಚನೆ ಅವನಿಗೆ ಆಗಲೇ ಬಂದಿತ್ತು.

"ಒಂದು ವರ್ಷ ನೀನು ನಮ್ಮ ರಾಜ. ಬೆಳ್ಳಿ ಸರ ತನ್ನಿ!"

ಆನೆಯ ಸಂಕೋಲೆಯಷ್ಟು ತೂಕದ ಬೆಳ್ಳಿಯ ಸರವನ್ನು ಅವನ ಕೊರಳಿಗೆ ಹಾಕಿದರು. ಹೈನರ್‌ನ ಹೆಂಡತಿ ಮಳೆಕೋಟು ಹುಡುಕುತ್ತಿದ್ದಳು. ಗುಡ್ರುನ್‌ಳನ್ನು ರಾಣಿಯೆಂದು ಕರೆತಂದರು. ಅವಳು ಗಂಡನ ಮುಖವನ್ನೂ ಸರವನ್ನೂ ನೋಡಿ, "ಇದನ್ನ ಎಲ್ಲಿಂದ ಕಿತ್ಕೊಂಡು ಬಂದೆ?" ಎಂದು ಕೇಳಿದಳು.

ಅಷ್ಟರಲ್ಲಿ ಎಕಾರ್ಟ್ ಹಗ್ಗ ಹಿಡಿದು ಡೇರೆಗೆ ನುಗ್ಗಿದ. "ರಾಜನೋ ಗೀಜನೋ, ನಂಗೆ ಗೊತ್ತಿಲ್ಲ. ಕಾರು ಗೇಟಿನ ಹೊರಗಿದೆ ಅಕ್ಕ. ಮೂವತ್ತು ಹೆಜ್ಜೆ. ಟೇಪಲ್ಲಿ ಅಳೆದೂ ನೋಡ್ದೆ. ಮಾತು ಅಂದ್ರೆ ಮಾತು."

ಲೋಥರ್‌ನ ಕೊರಳಲ್ಲಿ ಸರ ಒಮ್ಮೆಗೆ ಭಾರವಾಯಿತು. ಊರಿಡೀ ಕೊಟ್ಟ ಪಟ್ಟ ಒಂದು ಕಡೆ, ಪೆಟೂನಿಯಾ ಇನ್ನೊಂದು ಕಡೆ. ಅವನಿಗೆ ಪಟ್ಟ ಬೇಕಿರಲಿಲ್ಲ. "ಗುಡ್ರುನ್..." ಎಂದ.

"ನಿಲ್ಲಿ ನಿಲ್ಲಿ," ಎಂದರು ಕರ್ನಲ್. "ಹಕ್ಕಿ ಬೀಳಿಸಿದ ಕೋವಿ ಊರು ಬಿಟ್ಟು ಹೋಗೋ ಹಾಗಿಲ್ಲ. ಸಂಘದ ಸಭಾಂಗಣದಲ್ಲಿ ಒಂದು ವರ್ಷ ಮುದ್ರೆ ಹಾಕಿ ಇಡ್ಬೇಕು. ಮುಂದಿನ ಹಬ್ಬದ ಮೊದಲ ಗುಂಡು ಅದರಿಂದಾನೇ ಹಾರ್ಬೇಕು. ಅದು ಹಾರೋವರೆಗೂ ಆ ಹಬ್ಬದ ಬಿಯರ್ ಪೀಪಾಯಿ ತೆರೆಯೋ ಹಾಗಿಲ್ಲ. ನಮ್ಮ ತಾತಂದಿರ ಕಾಲದಿಂದ ನಡೆದು ಬಂದಿದ್ದು."

ಎಲ್ಲರೂ ಗುಡ್ರುನ್‌ಳನ್ನು ನೋಡಿದರು. ಅವಳು ತಮ್ಮನ ಕೈಯ ಹಗ್ಗವನ್ನು ನೋಡಿದಳು. ಮುಖ ಗಂಟಿಕ್ಕಿಯೇ ಇತ್ತು. ತಲೆವಸ್ತ್ರವಿಲ್ಲದ ಕೂದಲು ಮಾತ್ರ ಸೇತುವೆಯ ಗಾಳಿಗೆ ಕೆದರಿದ ಹಾಗೇ ಇತ್ತು.

"ನಾನು ಮಾತು ಕೊಟ್ಟಿದ್ದು ಕಾರಿನ ವಿಷಯಕ್ಕೆ," ಎಂದಳು. "ಇವರು ಕೋವಿ ಅಂತಿದಾರೆ. ಕೋವಿ ಒಳಗೆ ಹೂಗಿಡ ನೆಡ್ತೀಯೇನೋ ಪೆದ್ದ? ಮುಂದಿನ ವರ್ಷ ಮುದ್ರೆ ಒಡೆದ ದಿನ ಅದು ಮತ್ತೆ ಕಾರು. ಅವತ್ತು ಬಾ."

ಎಂಬತ್ತು ಜನ ಹಸಿರು ಕೋಟಿನವರು ಕಾರನ್ನು ತಳ್ಳಿಕೊಂಡು ಸಭಾಂಗಣಕ್ಕೆ ಒಯ್ದರು. ಬಾನೆಟ್ಟಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದರು. ಲೋಥರ್ ಸಂತೋಷದಿಂದ ಕೈ ಮುಗಿಯುವುದೊಂದು ಬಾಕಿ. ಆಗ ಕರ್ನಲ್ ನಿಯಮ ಓದಿದರು: ಮುದ್ರೆ ಬಿದ್ದ ಕೋವಿಯನ್ನು ಯಾರೂ ಬಿಚ್ಚಬಾರದು, ಒರೆಸಬಾರದು, ಎಣ್ಣೆ ಹಾಕಬಾರದು.

"ನಾಲ್ಕನೇ ಸಿಲಿಂಡರು ಒಂಚೂರು ನೋಡ್ಬಹುದಾ ಸಾಹೇಬ್ರೇ? ಹೊರಗಿಂದಾನೇ?"

"ಎಲ್ಲಾ ಬಿಟ್ಟು ಅದನ್ನಾ?" ಕರ್ನಲ್ ಗಾಬರಿಯಾದರು. "ಅದು ರಿಪೇರಿ ಆದ್ರೆ ಮೊದಲ ಗುಂಡು ಯಾರಪ್ಪ ಹೊಡೀತಾರೆ? ಊರಿನ ಮಾನ ಈಗ ಆ ಸಿಲಿಂಡರ್ ಮೇಲಿದೆ. ಅದನ್ನ ಮುಟ್ಟಿದ್ಯೋ, ನೋಡು!"

ಹೀಗೆ ಹನ್ನೊಂದು ವರ್ಷ ಊರೆಲ್ಲ ಶಾಪ ಹಾಕಿದ್ದ ಢಂ ಒಂದು ಮಧ್ಯಾಹ್ನದಲ್ಲಿ ಊರಿನ ಆಸ್ತಿಯಾಯಿತು. ಅದರ ಪರಿಣಾಮಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಹೈನರ್ ಚಳಿಗಾಲಕ್ಕೆ ಮೊದಲೇ ಒಂದು ಹಳೆಯ ಟ್ರ್ಯಾಕ್ಟರ್ ಕೊಂಡು, ಅದಕ್ಕೆ ಢಂ ಕಲಿಸಲು ಕೂತನೆಂದೂ, ಅದು ಎಷ್ಟು ಹೊಡೆದರೂ ಗೊರಗೊರ ಎನ್ನುತ್ತಿತ್ತೇ ಹೊರತು ಒಮ್ಮೆಯೂ ಢಂ ಎನ್ನಲಿಲ್ಲವೆಂದೂ, ಪೇಟೆಯ ಮೆಕ್ಯಾನಿಕ್ಕು ನೀಡರ್‌ಬೆಕ್ಕಿನವರು ಚೆನ್ನಾಗಿರುವ ಗಾಡಿಗಳನ್ನು ತಂದು "ಸ್ವಲ್ಪ ಕೆಡಿಸಿಕೊಡಿ" ಎಂದು ಕೇಳುತ್ತಾರೆಂದು ಹೆಂಡತಿಯ ಬಳಿ ಅತ್ತನೆಂದೂ ಹೇಳಿದರೆ ಸಾಕು.

ಲೋಥರ್‌ನ ಸ್ಥಿತಿ ಬೇರೆ. ಸಂಜೆ ಐದಕ್ಕೆ ಮನೆಗೆ ಬಂದರೆ ತೂರಿಕೊಳ್ಳಲು ಕಾರಿನ ಅಡಿಯೇ ಇಲ್ಲ. ಮೊದಲ ವಾರ ಅಡಿಗೆಮನೆಯ ಮೇಜಿನ ಅಡಿಗೆ ಹೋಗಿ ಮಲಗಿದ. ಗುಡ್ರುನ್ ಎಳೆದು ಹೊರಗೆ ಕೂರಿಸಿದಳು. ಅವನ ಕಿವಿಯ ಹತ್ತಿರ ನರೆ ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಓದಲು ಕನ್ನಡಕ ಹಾಕುತ್ತಾಳೆಂದು ಅವನಿಗೂ ಗೊತ್ತಿರಲಿಲ್ಲ.

"ಎಷ್ಟು ದಿನ ಆಯ್ತು ಇದನ್ನ ಹಾಕೋಕೆ ಶುರು ಮಾಡಿ?"

"ಆರು ವರ್ಷ."

"ಚೆನ್ನಾಗಿದೆ," ಎಂದ ಲೋಥರ್, ನಾಚಿಕೆಯಿಂದ.

ಮುದ್ರೆಯ ಕಾರನ್ನು ಬಿಚ್ಚಬಾರದೆಂದಿತ್ತು; ಒಳಗೆ ಕೂರಬಾರದೆಂದು ಎಲ್ಲೂ ಬರೆದಿರಲಿಲ್ಲ. ಕರ್ನಲ್ ಎರಡು ಸಲ ಪುಸ್ತಕ ತಿರುವಿ ನೋಡಿ ಒಪ್ಪಿದರು. ಆಮೇಲೆ ಭಾನುವಾರ ಚರ್ಚು ಮುಗಿದ ಮೇಲೆ ರಾಜ ರಾಣಿ ಇಬ್ಬರೂ ಸಭಾಂಗಣಕ್ಕೆ ಹೋಗಿ, ನಿಂತ ಕಾರಿನಲ್ಲಿ ಪಕ್ಕಪಕ್ಕ ಕೂತು, ಫ್ಲಾಸ್ಕಿನ ಕಾಫಿ ಕುಡಿದು, ಗೋಡೆ ನೋಡಿಕೊಂಡು ಮಾತಾಡುವುದು ರೂಢಿಯಾಯಿತು. ಒಂದು ಭಾನುವಾರ ಗುಡ್ರುನ್, "ಇದು ಬಂದ ದಿನ ನೀನು ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ನೆನಪಿದೆಯಾ?" ಎಂದು ಕೇಳಿದಳು. ಲೋಥರ್‌ಗೆ ನೆನಪಿರಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು, ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಮುಂದಿನ ಬೇಸಿಗೆ ಬಂತು. ಹಬ್ಬದ ಮೊದಲ ದಿನ ಕಾರನ್ನು ಮೈದಾನದ ನಡುವೆ ತಂದು ನಿಲ್ಲಿಸಿದರು. ಕರ್ನಲ್ ಮುದ್ರೆ ಒಡೆದರು. ಆಲೋಯ್ಸ್ ಹೊಸ ಬ್ಯಾಟರಿ ಹಾಕಿದ. ಅಷ್ಟಕ್ಕೆ ಸಂಘ ನಿರ್ಣಯ ಮಾಡಿತ್ತು. ಕರ್ನಲ್ ಮುದ್ರೆ ಒಡೆದರು. ಸಾವಿರ ಜನ ಕಿವಿಗೆ ಹತ್ತಿ ತುರುಕಿಕೊಂಡರು. ಮೂವತ್ತು ಪೀಪಾಯಿ ಬಿಯರ್, ಪ್ರತಿಯೊಂದರ ನಲ್ಲಿಯ ಮೇಲೂ ಒಂದು ಕೈ. ಗೇಟಿನಲ್ಲಿ ಎಕಾರ್ಟ್, ಹಗ್ಗ, ಈ ಸಲ ನಾಲ್ಕು ಚೀಲ ಮಣ್ಣು. ಕರ್ನಲ್ ಕತ್ತಿ ಮೇಲೆತ್ತಿದರು.

ಲೋಥರ್ ಕೀ ತಿರುಗಿಸಿದ. ಎಂಜಿನ್ ಎದ್ದಿತು. ಮೂರು ಸಿಲಿಂಡರಲ್ಲ. ನಾಲ್ಕೂ. ಹೊಲಿಗೆ ಯಂತ್ರದ ಹಾಗೆ ನಯವಾಗಿ, ಒಂದೇ ಶ್ರುತಿಯಲ್ಲಿ ಓಡತೊಡಗಿತು.

ಜನ ಕಾದರು. ಲೋಥರ್ ಆಕ್ಸಿಲರೇಟರ್ ತುಳಿದ. ಇನ್ನೂ ನಯವಾಯಿತು.

"ಢಂ ಎಲ್ಲಯ್ಯ?" ಕರ್ನಲ್ ಪಿಸುಗುಟ್ಟಿದರು, ಕತ್ತಿ ಇಳಿಸದೆ.

"ಬರ್ತಿಲ್ಲ ಸಾಹೇಬ್ರೇ."

"ರಿಪೇರಿ ಮಾಡಿಬಿಟ್ಟಿದಾನೆ! ಮೋಸ!" ಹೈನರ್ ಕೂಗಿದ.

"ದೇವರಾಣೆ ಮುಟ್ಟಿಲ್ಲ," ಎಂದ ಲೋಥರ್. ಅವನ ಕಣ್ಣಲ್ಲಿ ನೀರು. ಹನ್ನೊಂದು ವರ್ಷ ಬೆನ್ನ ಮೇಲೆ ಮಲಗಿ ಬೇಡಿಕೊಂಡದ್ದು, ಬೇಡುವುದು ಬಿಟ್ಟ ಮೇಲೆ, ಊರೆಲ್ಲ ಬೇಡವೆನ್ನುವ ಹೊತ್ತಿಗೆ ಬಂದಿತ್ತು. ಅದರ ಸದ್ದನ್ನು ಅವನು ಕಿವಿಯಿಂದ ಹತ್ತಿ ತೆಗೆದು ಕೇಳಿದ.

ಗುಡ್ರುನ್ ಗೇಟಿನ ಕಡೆ ನೋಡಿದಳು. ತಮ್ಮನನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಹೊರಡು," ಎಂದಳು.

"ಮೊದಲ ಗುಂಡು..."

"ಹೊರಡು ಅಂದ್ನಲ್ಲ!"

ಕಾರು ಮೈದಾನ ದಾಟಿತು, ಗೇಟು ದಾಟಿತು, ಎಕಾರ್ಟ್ ಮಣ್ಣಿನ ಚೀಲದ ಮೇಲೆ ಹಾರಿ ಬಿದ್ದು ದಾರಿ ಬಿಟ್ಟ. ಹಿಂದೆ ಸಾವಿರ ಜನ ಒಂದೇ ಸಮನೆ ಕೂಗುತ್ತಿದ್ದರು. ರಾಜ ಓಡಿಹೋಗುತ್ತಿದ್ದಾನೆಂದು ಕೆಲವರು, ಬಿಯರ್ ಗತಿಯೇನೆಂದು ಉಳಿದವರು. ಕರ್ನಲ್ ಓಟ್ಮಾರ್ ಕತ್ತಿ ಎತ್ತಿದವರು ಎತ್ತಿಕೊಂಡೇ ನಿಂತಿದ್ದರು. ಗುಂಡಿನ ಶಬ್ದವಿಲ್ಲದೆ ಅದನ್ನು ಇಳಿಸುವಂತಿರಲಿಲ್ಲ.

ಕಾರು ಗುಡ್ಡದ ರಸ್ತೆ ಹತ್ತಿತು. ಗುಡ್ರುನ್ ತಲೆವಸ್ತ್ರವನ್ನು ತಾನೇ ಬಿಚ್ಚಿ ಗಾಳಿಗೆ ಬಿಟ್ಟಳು. ಗುಡ್ಡದ ನೆತ್ತಿಯಲ್ಲಿ ದೊಡ್ಡ ಲಿಂಡೆನ್ ಮರ. ಅದರ ನೆರಳಿಗೆ ಬಂದದ್ದೇ ತಡ:

ಢಂ!

ಎಂಜಿನ್ ನಿಂತಿತು. ಕೆಳಗಿನ ಮೈದಾನದಿಂದ ಒಂದು ಜಯಘೋಷ ಎದ್ದಿತು. ಹಿಂದೆಯೇ ವಾದ್ಯ, ಮೂವತ್ತು ಪೀಪಾಯಿಗಳ ಸುತ್ತ ಗದ್ದಲ. ಹಬ್ಬ ಶುರುವಾಗಿತ್ತು.

ಲೋಥರ್ ಏನನ್ನೂ ಯೋಚಿಸಲಿಲ್ಲ. ಅಭ್ಯಾಸಬಲದಿಂದ ಬಾಗಿಲು ತೆರೆದ, ಒಂದು ಕಾಲು ನೆಲಕ್ಕಿಟ್ಟ. ಗುಡ್ರುನ್ ಅವನ ಕೋಟಿನ ಕಾಲರನ್ನು ಹಿಡಿದು ಹಿಂದಕ್ಕೆಳೆದಳು.

"ಕೂತ್ಕೋ."

"ಐದೇ ನಿಮಿಷ ಗುಡ್ರುನ್. ಅಡಿಗೆ ಹೋಗಿ ನೋಡಿ..."

"ಅಡಿಗೆ ಹೋದ್ರೆ ಇನ್ನು ಹನ್ನೊಂದು ವರ್ಷ ಮೇಲೆ ಬರಲ್ಲ ನೀನು. ಕಾಲು ಒಳಗಿಡು. ಸಮುದ್ರದ ದಾರಿ ಯಾವ ಕಡೆ?"

"ಎದುರಿಗೇ. ಇಲ್ಲಿಂದ ಆಚೆ ಇಳಿಜಾರು."

ಗುಡ್ರುನ್ ಇಳಿದಳು. ಹಬ್ಬದ ಬೂಟು ಕಳಚಿ ಸೀಟಿನ ಮೇಲಿಟ್ಟಳು. ಕಾರಿನ ಹಿಂದಕ್ಕೆ ಹೋಗಿ ಎರಡು ಕೈಯನ್ನೂ ಕೆಂಪು ತಗಡಿನ ಮೇಲೆ ಊರಿ, "ನಾನು ತಳ್ತೀನಿ," ಎಂದಳು. "ನೀನು ಮುಖ ತೋರಿಸ್ಕೊಂಡು ಅಲ್ಲೇ ಇರು."

ಲೋಥರ್ ಕನ್ನಡಿಯನ್ನು ಸರಿಮಾಡಿ ಅವಳು ಕಾಣುವಂತೆ ತಿರುಗಿಸಿಕೊಂಡು, ಹ್ಯಾಂಡ್‌ಬ್ರೇಕ್ ಬಿಟ್ಟ.